ಮಾವ, ಆ ಬೆಂಕಿಗೆ ಟ್ಯಾಂಕರ್ ನೀರು ಸಾಲುವುದಿಲ್ಲ

ಮಾವ, ನಮಸ್ಕಾರ. ಗುಂಪಿನಲ್ಲಿ ಇರುವ ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗಿಬಿಡುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಬೇಜಾರಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ಬೆಳಿಗ್ಗೆ ಪ್ರಣತಿ ಒಂದು ವಿಡಿಯೋ ಹಾಕಿದ್ದಳಲ್ಲ, ಆಸ್ಟ್ರೇಲಿಯಾದಲ್ಲಿ ಒಂದು ಗುಡ್ಡ 6,000 ವರ್ಷದಿಂದ ಒಳಗೊಳಗೇ ಉರಿಯುತ್ತಿದೆ ಅಂತ. ಗಿರೀಶ ತಕ್ಷಣ 'ಸುಳ್ಳು ಫಾರ್ವರ್ಡ್' ಅಂದ. ಮಾವ ಕೇಳಿದ್ದು, 'ಇಷ್ಟು ವರ್ಷದಲ್ಲಿ ಒಂದು ಟ್ಯಾಂಕರ್ ನೀರು ಹುಯ್ಯಬೇಕು ಅಂತ ಯಾರಿಗೂ ಹೊಳೆಯಲಿಲ್ವಾ?' ಸರೋಜ ಅತ್ತಿಗೆ ಕೇಳಿದ್ದು, 'ನಾವು ಹಿಮಾಚಲದ ಜ್ವಾಲಾಮುಖಿ ದೇವಸ್ಥಾನದಲ್ಲಿ ನೋಡಿದ್ದೂ ಇದೇ ಬೆಂಕಿನಾ?' ಪ್ರಣತಿಗೆ ಶಾಲೆಯ ಕ್ವಿಜ್‌ಗೆ ಇಂಥದ್ದು ಇನ್ನೂ ಬೇಕಂತೆ. ಥರ್ಮಲ್ ಪ್ಲಾಂಟಿನ ಕೋಲ್ ಯಾರ್ಡಿನಲ್ಲೇ ತಲೆಗೂದಲು ನೆರೆಸಿಕೊಂಡವನು ನಾನು. ಈ ವಿಷಯ ಬಂದಾಗ ಸುಮ್ನೆ ಇರೋದಕ್ಕೆ ಆಗುತ್ತದಾ?

ಮೊದಲು ಗಿರೀಶನಿಗೆ. ಸುಳ್ಳಲ್ಲಪ್ಪ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ವಿಂಗೆನ್ ಅಂತ ಒಂದು ಊರಿದೆ. ಅದರ ಹತ್ತಿರದ ಗುಡ್ಡಕ್ಕೆ ಬರ್ನಿಂಗ್ ಮೌಂಟನ್ ಅಂತಲೇ ಹೆಸರು. ನೆಲದಿಂದ ಸುಮಾರು 30 ಮೀಟರ್ ಕೆಳಗೆ ಕಲ್ಲಿದ್ದಲಿನ ಪದರ ಉರಿಯುತ್ತಿದೆ. ಬೆಂಕಿ ವರ್ಷಕ್ಕೆ ಸುಮಾರು 1 ಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಸುಟ್ಟುಕೊಂಡು ಬಂದ ದಾರಿಯ ಗುರುತು 6 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ ಇದೆ. 6,000 ವರ್ಷ ಅನ್ನುವ ಲೆಕ್ಕ ಬಂದಿದ್ದು ಅಲ್ಲಿಂದ. 1828ರಲ್ಲಿ ಬಿಳಿಯರು ಮೊದಲು ನೋಡಿದಾಗ ಇದು ಅಗ್ನಿಪರ್ವತ ಅಂದುಕೊಂಡರು. ಮಾರನೇ ವರ್ಷ ವಿಲ್ಟನ್ ಎಂಬ ಪಾದ್ರಿ ಹೋಗಿ ನೋಡಿ, ಇದು ಕಲ್ಲಿದ್ದಲು ಉರಿಯುತ್ತಿರುವುದು ಅಂತ ಸರಿಯಾಗಿ ಹೇಳಿದರು. ಅಲ್ಲಿನ ಮೂಲನಿವಾಸಿ ವನಾರುವಾ ಜನರ ಕಥೆಯೇ ಬೇರೆ. ಯುದ್ಧಕ್ಕೆ ಹೋದ ಗಂಡ ವಾಪಸ್ ಬರಲಿಲ್ಲ, ಕಾದು ಕಾದು ಹೆಂಡತಿ ಕಲ್ಲಾದಳು, ಅವಳ ಕಣ್ಣೀರು ಬೆಂಕಿಯಾಗಿ ಗುಡ್ಡದಿಂದ ಉರುಳಿತು ಅಂತ.

ಈಗ ಮಾವನ ನೀರಿನ ಪ್ರಶ್ನೆ. ಕಲ್ಲಿದ್ದಲಿಗೆ ಬೆಂಕಿ ಹಚ್ಚಲೇಬೇಕು ಅಂತಿಲ್ಲ ಮಾವ. ಗಾಳಿ ತಾಗಿದರೆ ಅದು ತಾನಾಗಿಯೇ ನಿಧಾನವಾಗಿ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋದರೆ ತೊಂದರೆಯಿಲ್ಲ. ಹೋಗದಿದ್ದರೆ ಕೂಡಿಕೊಂಡು, 70-80 ಡಿಗ್ರಿ ದಾಟಿದ ಮೇಲೆ ಕೈ ಮೀರುತ್ತದೆ. ಅದಕ್ಕೇ ಯಾರ್ಡಿನಲ್ಲಿ ರಾಶಿಯ ಮೇಲೆ ಬುಲ್ಡೋಜರ್ ಓಡಿಸಿ ಒತ್ತುತ್ತಿದ್ದೆವು, ಗಾಳಿ ಒಳಗೆ ನುಗ್ಗದಿರಲಿ ಅಂತ. ಹಳೇ ರಾಶಿ ಮೊದಲು ಖಾಲಿ ಮಾಡಬೇಕು, ಇಲ್ಲದಿದ್ದರೆ ಬೆಳಗಿನ ಹೊತ್ತು ಮೂಲೆಯಲ್ಲಿ ಎಲ್ಲೋ ಸಣ್ಣಗೆ ಹೊಗೆ ಏಳುತ್ತಿತ್ತು. ಹೊಸಬರು ಅದನ್ನು ಮಂಜು ಅಂದುಕೊಳ್ಳುತ್ತಿದ್ದರು. ವಾಸನೆ ನೋಡಿದರೆ ಗೊತ್ತಾಗುತ್ತಿತ್ತು.

ಯಾರ್ಡಿನಲ್ಲಿ ಆದರೆ ರಾಶಿ ಕೆದರಿ, ಹರಡಿ, ನೀರು ಹೊಡೆದು ಮುಗಿಸಬಹುದು. ನೆಲದ ಕೆಳಗೆ ಏನು ಮಾಡುತ್ತೀರಿ? ಅಮ್ಮ ರಾತ್ರಿ ಬಚ್ಚಲೊಲೆಯ ಕೆಂಡಕ್ಕೆ ಬೂದಿ ಮುಚ್ಚಿ ಬೆಳಿಗ್ಗೆ ಊದಿ ಹೊತ್ತಿಸುತ್ತಿದ್ದಳಲ್ಲ, ಹಾಗೇ ಇದು. ಜ್ವಾಲೆ ಇರುವುದಿಲ್ಲ. ಸ್ವಲ್ಪವೇ ಗಾಳಿ ಸಾಕು. ಮೇಲಿನ ಮಣ್ಣು, ಕಲ್ಲು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲ್ಲಿದ್ದಲು ಸುಟ್ಟು ಬೂದಿಯಾದಾಗ ಒಳಗೆ ಟೊಳ್ಳಾಗುತ್ತದೆ, ಮೇಲಿನ ನೆಲ ಕುಸಿಯುತ್ತದೆ, ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಹೊಸ ಗಾಳಿ ಒಳಗೆ ಹೋಗುತ್ತದೆ. ಅಂದರೆ ಬೆಂಕಿ ತನಗೆ ಬೇಕಾದ ಕಿಟಕಿ ತಾನೇ ತೆರೆದುಕೊಳ್ಳುತ್ತದೆ. ನೀರು ಹುಯ್ದರೆ ಅದು ಸುಲಭದ ಬಿರುಕು ಹಿಡಿದು ಎಲ್ಲೋ ಹರಿದುಹೋಗುತ್ತದೆ, ಇಲ್ಲವೇ ದಾರಿಯಲ್ಲೇ ಆವಿಯಾಗುತ್ತದೆ. ಇನ್ನೊಂದು ಅಪಾಯ ಇದೆ. ಕೆಂಪಗೆ ಕಾದ ಕಲ್ಲಿದ್ದಲಿಗೆ ನೀರಾವಿ ತಾಗಿದರೆ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಮೊದಲನೆಯದು ಸಿಡಿಯುತ್ತದೆ. ಎರಡನೆಯದು ಸಿಡಿಯಲೂಬಹುದು, ಉಸಿರಾಡಿದರೆ ಕೊಲ್ಲಲೂಬಹುದು. ಸುತ್ತಲಿನ ಬಂಡೆ ಪೂರ್ತಿ ತಣ್ಣಗಾಗದಿದ್ದರೆ ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ನಿಜವಾಗಿ ಆರಿಸಬೇಕು ಅಂದರೆ ಉರಿಯುವ ಪದರವನ್ನೇ ಅಗೆದು ತೆಗೆಯಬೇಕು, ಅಥವಾ ಗಾಳಿ ಹೋಗುವ ಎಲ್ಲ ದಾರಿಯನ್ನೂ ವರ್ಷಗಟ್ಟಲೆ ಮುಚ್ಚಿಡಬೇಕು.

ಆಗುವುದೇ ಇಲ್ಲ ಅಂತಲ್ಲ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಲಿಯುಹುವಾಂಗ್‌ಗೌ ಅಂತ ಒಂದು ಗಣಿ ಪ್ರದೇಶ, 1874ರಿಂದ ಉರಿಯುತ್ತಿತ್ತು. ನಾಲ್ಕು ವರ್ಷ ಕೆಲಸ ಮಾಡಿ, ತೂತು ಕೊರೆದು ನೀರು, ಕೆಸರು ತುಂಬಿ, ಮೇಲೆ ಮುಚ್ಚಿ, 2004ರಲ್ಲಿ ಆರಿತು ಅಂತ ಅಲ್ಲಿನ ಅಧಿಕಾರಿಗಳು ಘೋಷಿಸಿದರು. ಎಲ್ಲ ಕಡೆ ಕೊನೆಗೆ ಬಂದು ನಿಲ್ಲುವುದು ದುಡ್ಡಿನ ಲೆಕ್ಕಕ್ಕೆ.

ಅದಕ್ಕೆ ಅಮೆರಿಕದ ಸೆಂಟ್ರೇಲಿಯಾ ಒಳ್ಳೆಯ ಉದಾಹರಣೆ. ಪೆನ್ಸಿಲ್ವೇನಿಯಾದ ಸಣ್ಣ ಊರು, ಸಾವಿರ ಚಿಲ್ಲರೆ ಜನ. 1962ರ ಮೇ ತಿಂಗಳಲ್ಲಿ ಮಡಿದ ಸೈನಿಕರ ಸ್ಮರಣೆಯ ದಿನ ಬರುತ್ತಿತ್ತು. ಸ್ಮಶಾನದ ಪಕ್ಕದಲ್ಲಿ ಕಸದ ಗುಂಡಿ. ಜನ ಬರುತ್ತಾರೆ, ಚೊಕ್ಕ ಮಾಡೋಣ ಅಂತ ಕಸಕ್ಕೆ ಬೆಂಕಿ ಕೊಟ್ಟರು. ಗುಂಡಿ ಇದ್ದದ್ದು ಹಳೇ ಗಣಿಯ ಹೊಂಡದಲ್ಲಿ. ಬೆಂಕಿ ಕೆಳಗಿನ ಕಲ್ಲಿದ್ದಲಿಗೆ ಇಳಿಯಿತು ಅನ್ನುವುದೇ ಹೆಚ್ಚಿನವರು ಒಪ್ಪುವ ವಿವರಣೆ. ಆಗಲೇ ಪೂರ್ತಿ ಅಗೆದಿದ್ದರೆ ಮುಗಿಯುತ್ತಿತ್ತೋ ಏನೋ, ಪ್ರತಿ ಸಲವೂ ದುಡ್ಡು ಮುಗಿದು ಕೆಲಸ ಅರ್ಧಕ್ಕೆ ನಿಂತಿತು. 1979ರಲ್ಲಿ ಪೆಟ್ರೋಲ್ ಬಂಕಿನವರೊಬ್ಬರು ನೆಲದಡಿಯ ಟ್ಯಾಂಕಿಗೆ ಥರ್ಮಾಮೀಟರ್ ಇಳಿಸಿ ನೋಡಿದರೆ ಪೆಟ್ರೋಲು ಸುಮಾರು 78 ಡಿಗ್ರಿ ಸೆಲ್ಸಿಯಸ್ ಕಾದಿತ್ತು! 1981ರಲ್ಲಿ 12 ವರ್ಷದ ಹುಡುಗನೊಬ್ಬ ಅಜ್ಜಿಯ ಹಿತ್ತಲಲ್ಲಿ ನಿಂತಿದ್ದಾಗ ಕಾಲ ಕೆಳಗಿನ ನೆಲವೇ ಬಾಯಿ ತೆರೆಯಿತು. ಮರದ ಬೇರು ಹಿಡಿದು ನೇತಾಡಿದ, ದೊಡ್ಡಪ್ಪನ ಮಗನೋ ಮಾವನ ಮಗನೋ ಇದ್ದವನು ಎಳೆದುಕೊಂಡ. ಬದುಕಿದ. ಆ ಗುಂಡಿಯೊಳಗಿನ ಗಾಳಿ ಜೀವ ತೆಗೆಯುವಷ್ಟು ವಿಷವಾಗಿತ್ತು.

ಆಮೇಲೆ ಲೆಕ್ಕ ಹಾಕಿದರು. 1983ರ ವರದಿಯ ಪ್ರಕಾರ ಅಗೆದು ಆರಿಸಲು 66 ಕೋಟಿ ಡಾಲರ್‌ಗೂ ಜಾಸ್ತಿ. ಜನರನ್ನು ಬೇರೆ ಕಡೆ ಕಳಿಸಲು ಸಂಸತ್ತು ಕೊಟ್ಟಿದ್ದು 4.2 ಕೋಟಿ ಡಾಲರ್. ಜನ ಹೋದರು, ಬೆಂಕಿ ಉಳಿಯಿತು. 2002ರಲ್ಲಿ ಊರಿನ ಪಿನ್ ಕೋಡನ್ನೂ ತೆಗೆದುಹಾಕಿದರು. ಹೋಗುವುದಿಲ್ಲ ಅಂತ ಹಟ ಹಿಡಿದ ಕೆಲವರಿಗೆ ಮಾತ್ರ, ಕೋರ್ಟಿನಲ್ಲಿ ರಾಜಿಯಾಗಿ, ಬದುಕಿರುವವರೆಗೆ ಇರಬಹುದು ಅಂತ 2013ರಲ್ಲಿ ಒಪ್ಪಿಗೆ ಸಿಕ್ಕಿತು. 2020ರ ಜನಗಣತಿಯಲ್ಲಿ ಅಲ್ಲಿ ಇದ್ದವರು 5 ಜನ. ವಿಡಿಯೋ ಮಾಡುವವರಿಗೆ ಈ ಊರು ಅಂದರೆ ಬಹಳ ಇಷ್ಟ, ಭೂತದ ಊರು ಅಂತ ಮ್ಯೂಸಿಕ್ ಹಾಕಿ ತೋರಿಸುತ್ತಾರೆ.

ಆದರೆ ಮಾವ, ನನಗೆ ಸಿಟ್ಟು ಬರುವುದು ಇಲ್ಲಿ. ಸೆಂಟ್ರೇಲಿಯಾ ಎಲ್ಲರಿಗೂ ಗೊತ್ತು. ನಮ್ಮದೇ ಝರಿಯಾ ಎಷ್ಟು ಜನಕ್ಕೆ ಗೊತ್ತು? ಜಾರ್ಖಂಡಿನ ಧನ್‌ಬಾದ್ ಪಕ್ಕ. ಅಲ್ಲಿ ಮೊದಲ ಬೆಂಕಿ ಕಂಡದ್ದು 1916ರಲ್ಲಿ. ನೂರು ವರ್ಷ ದಾಟಿತು. ಕುಸಿದ ಊರಿನ ನಡುವೆ ಇವತ್ತಿಗೂ ಸಾವಿರಾರು ಕುಟುಂಬ ಬದುಕುತ್ತಿವೆ. ಬ್ರಿಟಿಷರ ಕಾಲದ ಖಾಸಗಿ ಗಣಿಯವರು ಕಲ್ಲಿದ್ದಲು ತೆಗೆದುಕೊಂಡು, ಖಾಲಿ ಜಾಗಕ್ಕೆ ಮರಳು ತುಂಬುವ ಖರ್ಚು ಉಳಿಸಿಕೊಂಡು, ಹಾಗೇ ಬಿಟ್ಟು ಹೋದರು. ಆಸರೆಗೆ ಬಿಟ್ಟ ಕಲ್ಲಿದ್ದಲಿನ ಕಂಬಗಳಿಗೆ ಗಾಳಿ ತಾಗಿತು. ಉಳಿದದ್ದು ಆಗಲೇ ಹೇಳಿದೆನಲ್ಲ. 1970ರ ದಶಕದ ಮೊದಲಲ್ಲಿ ಗಣಿಗಳು ಸರ್ಕಾರಕ್ಕೆ ಬಂದಾಗ ಬೆಂಕಿಯೂ ಜೊತೆಗೇ ಬಂತು.

ಉರಿಯುತ್ತಿರುವುದು ಯಾವ ಕಲ್ಲಿದ್ದಲು ಗೊತ್ತಾ? ಕೋಕಿಂಗ್ ಕೋಲ್. ಉಕ್ಕು ಮಾಡಲು ಬೇಕಾದದ್ದು. ನಮ್ಮ ದೇಶದಲ್ಲಿ ಅದರ ಅತಿ ಒಳ್ಳೆಯ ದರ್ಜೆ ಸಿಗುವುದು ಝರಿಯಾದಲ್ಲಿ. ಅದು ಅಲ್ಲಿ ಹೊಗೆಯಾಗುತ್ತಿದೆ, ನಾವು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ತರಿಸುತ್ತೇವೆ. ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಪಕ್ಕದಲ್ಲೇ ಇದೆ, ಕೋಕಿಂಗ್ ಕೋಲ್ ಮಾತ್ರ ಸಮುದ್ರ ದಾಟಿ ಬರಬೇಕು. ಝರಿಯಾದಲ್ಲಿ ಸುಟ್ಟುಹೋದದ್ದು ಸುಮಾರು 3.7 ಕೋಟಿ ಟನ್ ಅಂತ ಹಳೆಯ ಸರ್ಕಾರಿ ಅಂದಾಜು. ಬೆಂಕಿಯಿಂದಾಗಿ ಮುಟ್ಟಲಾಗದೆ ಕೆಳಗೆ ಸಿಕ್ಕಿಹಾಕಿಕೊಂಡಿರುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

2017ರ ಮೇ ತಿಂಗಳಲ್ಲಿ ಝರಿಯಾ ಪೇಟೆಯಲ್ಲೇ ನೆಲ ಕುಸಿದು ಒಬ್ಬ ತಂದೆ, ಅವರ ಚಿಕ್ಕ ಮಗ ಒಳಗೆ ಹೋದರು. ತೆಗೆಯಲು ಆಗಲಿಲ್ಲ, ಅಷ್ಟು ಕಾವು. ಅದರ ಮುಂದಿನ ತಿಂಗಳೇ ಧನ್‌ಬಾದ್-ಚಂದ್ರಪುರಾ ರೈಲು ಮಾರ್ಗವನ್ನು ಕೆಳಗೆ ಬೆಂಕಿ ಇದೆ ಅಂತ ನಿಲ್ಲಿಸಿದರು. 2019ರಲ್ಲಿ ಮತ್ತೆ ಶುರು ಮಾಡಿದರು. ಜನರನ್ನು ಬೇರೆಡೆ ನೆಲೆಗೊಳಿಸಲು, ಬೆಂಕಿ ಹತೋಟಿಗೆ ತರಲು 2009ರಲ್ಲಿ 7,112 ಕೋಟಿ ರೂಪಾಯಿಯ ಯೋಜನೆ ಒಪ್ಪಿದರು. ಅದು ಕುಂಟಿತು. 2025ರ ಜೂನ್‌ನಲ್ಲಿ ಪರಿಷ್ಕರಿಸಿ 5,940 ಕೋಟಿಯ ಹೊಸ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಬೆಲ್ಗಡಿಯಾ ಎಂಬಲ್ಲಿ ಮನೆ ಕಟ್ಟಿ ಕೊಟ್ಟಿದ್ದಾರೆ. 'ಹೊಗೆ ಕುಡಿಯುತ್ತಾ ಯಾಕೆ ಕೂತಿದ್ದಾರೆ, ಹೋಗಬಾರದಾ' ಅಂತ ನೀವು ಕೇಳಬಹುದು. ಕೂಲಿ ಇರುವುದು ಝರಿಯಾದಲ್ಲಿ. ಕಲ್ಲಿದ್ದಲು ಆರಿಸಿ, ಮೂಟೆ ಕಟ್ಟಿ, ಸೈಕಲ್ ಮೇಲೆ ಹೇರಿ ತಳ್ಳಿಕೊಂಡು ಹೋಗಿ ಮಾರಿ ಬದುಕುವ ಮನುಷ್ಯನಿಗೆ ಮನೆ ಒಂದು ಕೊಟ್ಟರೆ ಊಟ ಎಲ್ಲಿಂದ ಬರುತ್ತದೆ? ನನ್ನ ಪ್ರಕಾರ ಆ ಬೆಂಕಿಗಿಂತ ಇದು ಕಷ್ಟದ ಪ್ರಶ್ನೆ. ಇರಲಿ, ಇದರ ಬಗ್ಗೆ ಮಾತಾಡಿದರೆ ನನಗೆ ಬಿಪಿ ಏರುತ್ತದೆ.

ಅತ್ತಿಗೆ, ನಿಮ್ಮದು ಬೇರೆ ಜಾತಿಯ ಬೆಂಕಿ. ಹಿಮಾಚಲದ ಜ್ವಾಲಾಮುಖಿಯಲ್ಲಿ ಬಂಡೆಯ ಬಿರುಕಿನಿಂದ ಬರುವುದು ನೈಸರ್ಗಿಕ ಅನಿಲ. ಅದಕ್ಕೇ ನೀಲಿ ಜ್ವಾಲೆ, ಹೊಗೆಯಿಲ್ಲ. ನೇಪಾಳದ ಮುಕ್ತಿನಾಥಕ್ಕೆ ಹೋದವರು ಪಕ್ಕದ ಜ್ವಾಲಾ ಮಾಯಿ ಗುಡಿಯಲ್ಲಿ ನೀರಿನ ಬದಿಯಲ್ಲೇ ಉರಿಯುವ ಜ್ವಾಲೆ ನೋಡಿರುತ್ತೀರಿ, ಅದೂ ಅನಿಲವೇ. ಇನ್ನೂ ಮಜಾ ಅಂದರೆ, ಅಜರ್‌ಬೈಜಾನ್‌ನ ಬಾಕು ನಗರದ ಹತ್ತಿರ ಆತಶ್‌ಗಾಹ್ ಅಂತ ಒಂದು ಅಗ್ನಿ ಮಂದಿರ ಇದೆ. ಅಲ್ಲಿನ ಗೋಡೆಯ ಮೇಲೆ ದೇವನಾಗರಿ, ಗುರುಮುಖಿ ಲಿಪಿಯ ಶಾಸನಗಳಿವೆ, ಗಣೇಶನಿಗೆ ನಮಸ್ಕಾರ ಅಂತ ಶುರುವಾಗುವುದೂ ಇದೆ. ವ್ಯಾಪಾರಕ್ಕೆ ಹೋದ ನಮ್ಮ ದೇಶದವರು ಕೆತ್ತಿಸಿದ್ದು. ಸುತ್ತ ಅನಿಲ, ತೈಲ ತೆಗೆದು ತೆಗೆದು 1969ರಲ್ಲಿ ಆ ಜ್ವಾಲೆ ಆರಿಹೋಯಿತು. ಈಗ ಉರಿಯುವುದು ಪೈಪಿನಲ್ಲಿ ತಂದ ಗ್ಯಾಸು.

ಪ್ರಣತಿ ಪುಟ್ಟ, ಈಗ ನಿನ್ನ ಕ್ವಿಜ್‌ಗೆ. ತುರ್ಕ್‌ಮೆನಿಸ್ತಾನದ ದರ್ವಾಜಾ ಗುಂಡಿ, 'ನರಕದ ಬಾಗಿಲು' ಅಂತ ಕರೆಯುತ್ತಾರಲ್ಲ, ಅದು ಕಲ್ಲಿದ್ದಲಲ್ಲ, ಅನಿಲ. ಬಹಳ ಜನ ಇಲ್ಲಿ ಎಡವುತ್ತಾರೆ. 2013ರಲ್ಲಿ ಜಾರ್ಜ್ ಕುರೂನಿಸ್ ಎಂಬ ಕೆನಡಾದವರು ಬೆಂಕಿ ತಡೆಯುವ ಉಡುಪು ಹಾಕಿಕೊಂಡು ಅದರ ತಳಕ್ಕೆ ಇಳಿದು ಮಣ್ಣು ತಂದರು. ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬದುಕಿದ್ದವು.

ಜರ್ಮನಿಯ ದುಡ್‌ವೈಲರ್ ಹತ್ತಿರ ಒಂದು ಗುಡ್ಡ 17ನೇ ಶತಮಾನದಿಂದ ಹೊಗೆಯಾಡುತ್ತಿದೆ, 1770ರಲ್ಲಿ ಕವಿ ಗಯಟೆ ಹೋಗಿ ನೋಡಿದ್ದರು. ಅಮೆರಿಕದ ಒಹಾಯೋದ ನ್ಯೂ ಸ್ಟ್ರೇಟ್ಸ್‌ವಿಲ್‌ನಲ್ಲಿ 1884ರಲ್ಲಿ ಮುಷ್ಕರ ಮಾಡುತ್ತಿದ್ದವರು ಉರಿಯುವ ಕಲ್ಲಿದ್ದಲಿನ ಗಾಡಿಗಳನ್ನು ಗಣಿಯೊಳಗೆ ತಳ್ಳಿದರು, ಅದು ಇನ್ನೂ ಆರಿಲ್ಲ. ಮೊಂಟಾನಾ, ವಯೋಮಿಂಗ್ ಕಡೆ ಗುಡ್ಡಗಳ ತಲೆ ಕೆಂಪಗಿರುವುದು ಯಾಕೆ ಅಂದರೆ, ಕೆಳಗಿನ ಕಲ್ಲಿದ್ದಲು ಉರಿದು ಮೇಲಿನ ಜೇಡಿ ಪದರ ಸುಟ್ಟು ಗಟ್ಟಿಯಾದದ್ದು. ಅಲ್ಲಿ ಸುಮಾರು 40 ಲಕ್ಷ ವರ್ಷ ಹಿಂದಿನ ಬೆಂಕಿಯ ಗುರುತೂ ಸಿಕ್ಕಿದೆ. ಆಗ ಗಣಿಯೂ ಇಲ್ಲ, ಕಸ ಸುಡುವವರೂ ಇಲ್ಲ.

ಗಣಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಪತ್ತೆಗೆ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು ಅನ್ನುವುದು ನಿನಗೆ ಗೊತ್ತಿರಬಹುದು. ಬ್ರಿಟನ್ನಿನಲ್ಲಿ ಅದನ್ನು ಬಿಟ್ಟು ಯಂತ್ರಕ್ಕೆ ಬದಲಾಯಿಸಲು ತೀರ್ಮಾನಿಸಿದ್ದು 1986ರಲ್ಲಿ! ನಿಮ್ಮಪ್ಪ ಆಗ ಹುಟ್ಟಿದ್ದ.

ಕೊನೆಗೆ ನನಗೆ ಬಹಳ ಇಷ್ಟವಾದದ್ದು. ನಮ್ಮ ಬೀದಿಗೆ ಕಲಾಯಿಯವನು ಬರುತ್ತಿದ್ದನಲ್ಲ ಮಾವ, ಕಾದ ಹಿತ್ತಾಳೆ ಪಾತ್ರೆಗೆ ಬಿಳಿ ಪುಡಿ ಉದುರಿಸಿದರೆ ಭುಸ್ಸನೆ ಹೊಗೆ ಏಳುತ್ತಿತ್ತು. ಆ ಪುಡಿ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಉರಿಯುವ ಕಲ್ಲಿದ್ದಲಿನ ಹೊಗೆ ಬಿರುಕಿನ ಬಾಯಲ್ಲಿ ತಣ್ಣಗಾದಾಗ ಅದೇ ನವಸಾಗರ ಹರಳಾಗಿ ಕಟ್ಟುತ್ತದೆ. ತಜಕಿಸ್ತಾನದ ಯಾಘ್ನೋಬ್ ಕಣಿವೆಯಲ್ಲಿ ಹಾಗೆ ಉರಿಯುವ ಗುಡ್ಡದಿಂದ ಅದನ್ನು ಕೆರೆದು ತಂದು ಮಾರುತ್ತಿದ್ದರು. ಹತ್ತನೇ ಶತಮಾನದ ಅರಬ್ ಬರಹಗಾರರು ಆ ಕಡೆಯ ಬೆಟ್ಟಗಳಲ್ಲಿ ರಾತ್ರಿ ಕಾಣುವ ಬೆಂಕಿಯ ಬಗ್ಗೆ, ಈ ನವಸಾಗರದ ಬಗ್ಗೆ ಬರೆದಿದ್ದಾರೆ. ಈಗ ಎಲ್ಲ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಪ್ರಣತಿ, ಕ್ವಿಜ್‌ನಲ್ಲಿ ಇದನ್ನೇ ಕೇಳು, ನಿಮ್ಮ ಮೇಷ್ಟ್ರಿಗೂ ಉತ್ತರ ಗೊತ್ತಿರಲಿಕ್ಕಿಲ್ಲ. ಗಿರೀಶ, ಇನ್ನೂ ಅನುಮಾನ ಇದ್ದರೆ ಫೋನ್ ಮಾಡು, ಗುಂಪಿನಲ್ಲಿ ಬೇಡ. ಸಂಜೆ ಆರರ ಮೇಲೆ ಮಾಡು, ಈಗ ಪಡಿತರದ ಅಂಗಡಿಗೆ ಹೋಗಬೇಕು.