‘ಮಾದಕ’ ಎನ್ನದೆ ಮಾರ್ಫಿನ್‌ಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ತೀವ್ರ ನೋವಿನಲ್ಲಿ ನರಳುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾರ್ಫಿನ್‌ನಂಥ ಬಲವಾದ ನೋವಿನ ಮದ್ದುಗಳನ್ನು ಕಾನೂನು ‘ನಾರ್ಕೋಟಿಕ್’ ಎನ್ನುತ್ತದೆ. ನಾಲ್ಕು ದಿನದಿಂದ ಆ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ‘ಎಸೆನ್ಷಿಯಲ್ ನಾರ್ಕೋಟಿಕ್ ಡ್ರಗ್’ ಎಂಬ ಹೊಸ ವರ್ಗ ಬಂತು. ಮರುವರ್ಷ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರನ್ನು ಅದಕ್ಕೆ ಸೇರಿಸಿದರು. ಅದಕ್ಕೂ ಮೊದಲು ರಾಜ್ಯಕ್ಕೊಂದು ನಿಯಮವಿತ್ತು. ಮಾರ್ಫಿನ್ ಇಟ್ಟುಕೊಳ್ಳಬೇಕೆಂದರೆ ಆಸ್ಪತ್ರೆಯವರು ಹಲವು ಪರವಾನಗಿಗಳಿಗಾಗಿ ಇಲಾಖೆಯಿಂದ ಇಲಾಖೆಗೆ ಅಲೆಯಬೇಕಿತ್ತು. ಈಗ ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆಯೊಂದು ಸಾಕು. ಈ ವರ್ಗದ ಹೆಸರನ್ನು ಕನ್ನಡದಲ್ಲಿ ‘ಅಗತ್ಯ ಮಾದಕ ಔಷಧ’ ಎಂದು ಬರೆದೆ. ಓದಿಕೊಂಡಾಗ ನನ್ನ ದೊಡ್ಡಮ್ಮ ನೆನಪಾದರು. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿ ಮಗ್ಗುಲು ಬದಲಿಸಲೂ ಆಗದ ಸ್ಥಿತಿ. ಮಾತ್ರೆಯ ಜತೆ ಕೊಟ್ಟ ಚೀಟಿಯಲ್ಲಿ ‘ಮಾದಕ’ ಎಂದಿದ್ದುದನ್ನು ಓದಿ, “ಪೊಲೀಸರು ಹಿಡೀತಾರಲ್ಲ, ಅದೇ ತಾನೆ? ನಂಗೆ ಬೇಡ ಕಣೋ” ಎಂದು ಒಂಬತ್ತು ದಿನ ಮುಟ್ಟಲಿಲ್ಲ. ಆ ಒಂಬತ್ತು ರಾತ್ರಿ ನಾನು ಅವರ ಪಕ್ಕದಲ್ಲಿದ್ದೆ.

‘ನಾರ್ಕೋಟಿಕ್’ ಪದದ ಗ್ರೀಕ್ ಬೇರಿನಲ್ಲಿ ಅಮಲಿಲ್ಲ. ಅದರ ಅರ್ಥ ಮರಗಟ್ಟುವುದು, ನಾವು ಜೋಮು ಎನ್ನುತ್ತೇವಲ್ಲ, ಅದು. ‘ಮಾದಕ’ ಬಂದದ್ದು ಮದದಿಂದ. ನೋವಿನ ಸುದ್ದಿಯೇ ಅದರಲ್ಲಿಲ್ಲ. ದಿನವೂ ‘ಮಾದಕ ವಸ್ತು ಜಪ್ತಿ’ ಎಂದು ಓದುವವರಿಗೆ ಅದರ ಹಿಂದೆ ‘ಅಗತ್ಯ’ ಎಂದು ಸೇರಿಸಿದರೆ ಭಯ ಹೋಗುತ್ತದೆಯೆ?

ಬೇರೆ ಪದಗಳನ್ನೂ ಹುಡುಕಿದೆ. ‘ನೋವು ನಿವಾರಕ’ ಎಂದರೆ ಪ್ಯಾರಾಸಿಟಮಾಲ್ ಕೂಡ ಅದರೊಳಗೆ ಬರುತ್ತದೆ, ಕಾನೂನು ಎಳೆದ ಗೆರೆ ಅಳಿಸಿಹೋಗುತ್ತದೆ. ‘ಅಫೀಮು ಮೂಲದ ಮದ್ದು’ ಮಾರ್ಫಿನ್‌ಗೆ ಸರಿ. ಗಸಗಸೆ ಗಿಡದಿಂದಲೇ ಅದನ್ನು ತೆಗೆಯುವುದು. ಆದರೆ ಫೆಂಟನಿಲ್, ಮೆಥಡೋನ್ ಪೂರ್ತಿ ಕಾರ್ಖಾನೆಯಲ್ಲೇ ತಯಾರಾಗುವಂಥವು. ಅನಸ್ತೇಷಿಯಾಕ್ಕೆ ‘ಅರಿವಳಿಕೆ’ ಎಷ್ಟು ಚೆನ್ನಾಗಿ ನಿಂತಿದೆ! ಅದೇ ಜಾಡಿನಲ್ಲಿ ‘ಬಿಗಿ ನೋವಳಿಕೆ’ ಎಂದರೆ ಹೇಗೆ? ‘ಬಿಗಿ’ಯಲ್ಲಿ ಮದ್ದಿನ ಬಲವೂ ಇದೆ, ಕಾನೂನಿನ ಕಾವಲೂ ಇದೆ ಎಂದು ನನಗನ್ನಿಸುತ್ತದೆ. ಕಿವಿಗೆ ಒರಟೆನಿಸಿದರೆ ಹೇಳಿ.

ಇನ್ನೊಂದು ತೊಡಕು ‘ಚಟ’. ಈ ಮದ್ದನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಮೈ ಬೆವರುತ್ತದೆ, ಹೊಟ್ಟೆ ಕೆಡುತ್ತದೆ. ಅದು ದೇಹ ಒಗ್ಗಿಕೊಂಡದ್ದರ ಗುರುತು. ಕೇಡಾಗುತ್ತಿದೆ ಎಂದು ಗೊತ್ತಿದ್ದೂ ಮನಸ್ಸು ಅದನ್ನೇ ಹಂಬಲಿಸುವ ಚಟ ಬೇರೆ. ಎರಡಕ್ಕೂ ‘ಚಟ’ ಎಂದು ಬರೆದರೆ ರೋಗಿಗೆ ಅನ್ಯಾಯ. ಮೊದಲನೆಯದಕ್ಕೆ ‘ಮೈಒಗ್ಗಿಕೆ’ ಎಂದು ಬರೆದಿದ್ದೇನೆ. ಕಲಬುರಗಿ, ಧಾರವಾಡ, ಮಂಗಳೂರು ಕಡೆಯವರು ಇದಕ್ಕೆ ಮನೆಮಾತಿನಲ್ಲಿ ಏನನ್ನುತ್ತೀರಿ? ದಾದಿಯರು, ಔಷಧದಂಗಡಿಯವರು ಯಾರಾದರೂ ಬಳಗದಲ್ಲಿದ್ದರೆ, ರೋಗಿಗಳೊಡನೆ ನೀವು ನಿಜಕ್ಕೂ ಆಡುವ ಮಾತನ್ನೇ ಬರೆಯಿರಿ.