ಬೆಂಗಳೂರಿನ ವಿಜ್ಞಾನ ಸಂಸ್ಥೆಯೋ, ತಿರುವನಂತಪುರದ ಐಸರೋ?

ಪ್ರಶ್ನೆ: ಮಾನ್ಯರೇ, ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಅಡಿಕೆ ಕೃಷಿಕರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ಈ ವರ್ಷ ಪ್ಲಸ್ ಟು ಮುಗಿಸಿದ್ದಾಳೆ. ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಪ್ರವೇಶ ಪರೀಕ್ಷೆಯಲ್ಲಿ ಉತ್ತಮ ಅಂಕ ಬಂದಿರುವುದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್), ತಿರುವನಂತಪುರದ ಐಸರ್ ಎರಡರಲ್ಲೂ ಸೀಟು ಸಿಗುವಂತಿದೆ. ಅವಳಿಗೆ ಸಸ್ಯಗಳಲ್ಲಿ ಆಸಕ್ತಿ, ಆದರೆ ಗಣಿತವನ್ನು ಬಿಡಲು ಮನಸ್ಸಿಲ್ಲ. ಎರಡು ಮಳೆಗಾಲ ದಿನವೂ ಮಳೆ ಅಳೆದು, ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಮರದ ಬುಡದಲ್ಲಿ ಎಣಿಸಿ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ನೆಂಟರೆಲ್ಲ ‘ಟಾಟಾ ಇನ್‌ಸ್ಟಿಟ್ಯೂಟ್ ಸಿಕ್ಕಿದರೆ ಮತ್ತೆ ಯೋಚಿಸುವುದೇನಿದೆ’ ಎನ್ನುತ್ತಾರೆ. ತಮ್ಮ ಸಲಹೆ ಬೇಕು.

ಉತ್ತರ: ನೆಂಟರ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿದೆ, ಅವರು ಕೊಡುವ ಕಾರಣಕ್ಕೆ ಇಲ್ಲ. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಹೆಸರು ಬೆಳೆದದ್ದು ಸಂಶೋಧನೆಯಿಂದ. ಪ್ಲಸ್ ಟು ಮುಗಿಸಿದವರಿಗೆ ಅಲ್ಲಿ ಪದವಿ ತರಗತಿ ಆರಂಭವಾದದ್ದೇ 2011ರಲ್ಲಿ. ಐಸರ್‌ಗಳಾದರೋ ಪದವಿ ವಿದ್ಯಾರ್ಥಿಗಳನ್ನೂ ಸಂಶೋಧನೆಯನ್ನೂ ಒಂದೇ ಸೂರಿನಡಿ ತರಬೇಕೆಂಬ ಉದ್ದೇಶದಿಂದಲೇ 2006ರಿಂದ ಹುಟ್ಟಿಕೊಂಡವು, ತಿರುವನಂತಪುರದ್ದು 2008ರದು. ಪಾಠದ ಗುಣಮಟ್ಟದಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ಹೇಳಲು ಆಧಾರವಿಲ್ಲ.

ನಿಮ್ಮ ಮಗಳ ಮಟ್ಟಿಗೆ ಮುಖ್ಯವಾದದ್ದು ಗಣಿತ ಮತ್ತು ಸಸ್ಯಗಳನ್ನು ಎಷ್ಟು ಕಾಲ ಜೊತೆಯಾಗಿ ಓದಬಹುದು ಎಂಬುದು. ಬೆಂಗಳೂರಿನಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು, ಜೊತೆಗೆ ಒಂದಿಷ್ಟು ಎಂಜಿನಿಯರಿಂಗ್ ಮತ್ತು ಮಾನವಿಕ ವಿಷಯಗಳನ್ನು ಓದಿ, ಅನಂತರ ಪ್ರಧಾನ ವಿಷಯವನ್ನು ಆರಿಸುತ್ತಾರೆ. ಬೇಕಾದವರು ಇನ್ನೊಂದನ್ನು ಉಪವಿಷಯವಾಗಿ ಇಟ್ಟುಕೊಳ್ಳಬಹುದು. ಜೀವಶಾಸ್ತ್ರದ ಜೊತೆಗೆ ಗಣಿತ ಅವಳಿಗೆ ಹೇಳಿ ಮಾಡಿಸಿದ ಜೋಡಿ. ಮಾಧವ ಗಾಡ್ಗೀಳರು 1983ರಲ್ಲಿ ಆರಂಭಿಸಿದ ಪರಿಸರ ವಿಜ್ಞಾನ ಕೇಂದ್ರವೂ ಅದೇ ಆವರಣದಲ್ಲಿದೆ. ಮಳೆ ಎಷ್ಟು ದಿನ ಬಿಡದೆ ಹೊಯ್ದರೆ ಕೊಳೆರೋಗ ತರುವ ಫೈಟೋಫ್ತೋರಾ ಎಷ್ಟು ಗೊನೆಗಳಿಗೆ ಹರಡುತ್ತದೆ ಎಂಬುದು ಸಸ್ಯರೋಗದ ಪ್ರಶ್ನೆಯಷ್ಟೇ ಅಲ್ಲ, ಸಂಖ್ಯಾಶಾಸ್ತ್ರದ ಪ್ರಶ್ನೆಯೂ ಹೌದು. ಯಾರೂ ಹೇಳಿಕೊಡದೆ ಆ ಕೆಲಸಕ್ಕೆ ಕೈಹಾಕಿದ ಹುಡುಗಿಗೆ ಇಂಥ ವಾತಾವರಣ ಸಿಗಬೇಕು.

ಹಾಗೆಂದು ಐಸರ್ ಅನ್ನು ಅವಳಿಗೆ ಒಗ್ಗದ ಜಾಗವೆಂದು ತಳ್ಳಿಹಾಕಬೇಡಿ. ಅದಿರುವುದು ಸಹ್ಯಾದ್ರಿಯ ತಪ್ಪಲಿನ ವಿತುರದಲ್ಲಿ. ಹತ್ತಿರದ ಪಾಲೋಡಿನಲ್ಲಿ ಜವಾಹರಲಾಲ್ ನೆಹರೂ ಉಷ್ಣವಲಯದ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯಿದೆ. ಐದನೆಯ ವರ್ಷವನ್ನು ಒಂದೇ ಸಂಶೋಧನಾ ಪ್ರಬಂಧಕ್ಕೆ ಮೀಸಲಿಡುವ ಪದ್ಧತಿಯೂ ಅಲ್ಲಿನ ದೊಡ್ಡ ಅನುಕೂಲ. ಅವಳು ಗಣಿತದ ಹಟ ಬಿಟ್ಟು ಕಾಡಿನ ಸಸ್ಯಗಳ ಬೆನ್ನು ಹತ್ತುವುದಾದರೆ ನನ್ನ ಉತ್ತರ ಬದಲಾದೀತು.

ವಿದ್ಯಾರ್ಥಿವೇತನದ ವಿಚಾರ ಎರಡೂ ಕಡೆ ಒಂದೇ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ದೊರೆಯುವ ಇನ್‌ಸ್ಪೈರ್ ವಿದ್ಯಾರ್ಥಿವೇತನ, ಅಂದರೆ ವರ್ಷಕ್ಕೆ 60,000 ರೂಪಾಯಿ ಮತ್ತು ಬೇಸಿಗೆಯ ಸಂಶೋಧನೆಗೆ 20,000 ರೂಪಾಯಿ, ಎರಡೂ ಕಡೆಗೆ ಅನ್ವಯಿಸುತ್ತದೆ. ಪ್ರಯಾಣದಲ್ಲೂ ಅಂಥ ವ್ಯತ್ಯಾಸವಿಲ್ಲ; ಎರಡೂ ಊರಿಗೆ ಕಾಸರಗೋಡಿನಿಂದ ರಾತ್ರಿಯ ರೈಲು ಇದೆ.

ಪ್ರಶ್ನೆ: ಧನ್ಯವಾದ. ಎರಡು ಅಳುಕು ಉಳಿದಿವೆ. ಕನ್ನಡ ಮಾಧ್ಯಮದಿಂದ ಹೋದವಳು ಅಲ್ಲಿ ಹಿಂದೆ ಬೀಳುವಳೇ? ಸಂಶೋಧನೆ ಹಿಡಿಸದಿದ್ದರೆ ಊರಿಗೆ ಬಂದು ಶಿಕ್ಷಕಿಯಾಗಬಹುದೇ?

ಉತ್ತರ: ವಿಷಯದಲ್ಲಿ ಹಿಂದೆ ಬೀಳಲಾರಳು, ಪ್ರವೇಶ ಪರೀಕ್ಷೆಯೇ ಅದಕ್ಕೆ ಸಾಕ್ಷಿ. ತೊಡಕಾಗುವುದು ತರಗತಿಯಲ್ಲಿ ಎದ್ದುನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ಮತ್ತು ಪ್ರಯೋಗದ ವರದಿ ಬರೆಯುವುದು. ಅವಳ ಮಳೆಯ ಲೆಕ್ಕವನ್ನೇ ಇಂಗ್ಲಿಷಿನಲ್ಲಿ, ಎರಡು ಪುಟದಲ್ಲಿ, ನಕ್ಷೆ ಸಹಿತ ಬರೆಯಲು ಹೇಳಿ. ಕ್ಯಾಂಪಸ್ಸಿನ ಹೊರಗೆ ಅವಳಿಗೆ ಕನ್ನಡವೂ ಮಲಯಾಳವೂ ಬರುತ್ತದಲ್ಲ, ನಮ್ಮ ಜಿಲ್ಲೆಯವರಿಗೆ ಆ ಮಟ್ಟಿಗೆ ಎರಡೂ ಊರು ಸಲೀಸು.

ಎರಡನೆಯ ಅಳುಕು ಸಕಾರಣವಾದದ್ದು. ಕೇರಳದ ಹೈಯರ್ ಸೆಕೆಂಡರಿ ಶಿಕ್ಷಕ ಹುದ್ದೆಗೆ ಸ್ನಾತಕೋತ್ತರ ಪದವಿ, ಬಿ.ಎಡ್. ಹಾಗೂ ಸೆಟ್ (ರಾಜ್ಯ ಅರ್ಹತಾ ಪರೀಕ್ಷೆ) ಬೇಕು. ಐಸರ್‌ನಲ್ಲಿ ಐದು ವರ್ಷಕ್ಕೆ ಸ್ನಾತಕೋತ್ತರ ಪದವಿಯೂ ಕೈಸೇರುತ್ತದೆ. ಬೆಂಗಳೂರಿನದು ನಾಲ್ಕು ವರ್ಷದ ಪದವಿ. ಸ್ನಾತಕೋತ್ತರ ಬೇಕಿದ್ದರೆ ಅಲ್ಲಿಯೇ ಇನ್ನೊಂದು ವರ್ಷ ಮುಂದುವರಿಯುವ ಅವಕಾಶವಿದೆ. ಪಿಎಚ್.ಡಿ.ಯ ದಾರಿ ಹಿಡಿದರೆ, ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರು ನೇರವಾಗಿ ಸೇರಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ಹೇಳುತ್ತದೆ. ಆದರೆ ಶಿಕ್ಷಕಿಯಾಗುವ ದಾರಿಯೂ ತೆರೆದಿರಬೇಕಾದರೆ ಬೆಂಗಳೂರನ್ನು ಆರಿಸಿದರೂ ಐದು ವರ್ಷದ ಖರ್ಚಿಗೆ ಸಿದ್ಧರಾಗಿರಿ. ಐದನೆಯ ವರ್ಷ ಬೇಕೋ ಬೇಡವೋ ಎಂಬುದನ್ನು ಅವಳು ಮೂರನೆಯ ವರ್ಷದ ಕೊನೆಗೆ ತೀರ್ಮಾನಿಸಲಿ.