ಆರ್.ಆರ್. ನಗರದಿಂದ ಕಾಡುಬೀಸನಹಳ್ಳಿಗೆ ದಿನಾ ಕಾರು ಓಡಿಸಿ ಸಾಕಾಗಿದೆ. ಮೆಟ್ರೋ, ಬಸ್ಸು ನಂಬಬಹುದಾ?

ಆರ್ಚ್_ಒಳಗಿನ_ಮನೆ:

ಎಲ್ಲರಿಗೂ ನಮಸ್ಕಾರ. ನಾನಿರೋದು ರಾಜರಾಜೇಶ್ವರಿ ನಗರದಲ್ಲಿ. ಮೆಟ್ರೋ ಸ್ಟೇಷನ್ನಿಂದ ಮನೆಗೆ ಒಂದೂವರೆ ಕಿಲೋಮೀಟರ್. ನಮ್ಮ ಆಫೀಸು ಮೊದಲು ಎಂ.ಜಿ. ರೋಡ್ ಹತ್ತಿರ ಇತ್ತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂದ ಮೇಲೆ ಆಫೀಸಿಗೆ ಅಂತ ಕಾರು ತೆಗೆದದ್ದೇ ಇಲ್ಲ. ಈ ವರ್ಷ ಆಫೀಸನ್ನ ಔಟರ್ ರಿಂಗ್ ರೋಡಿಗೆ, ಕಾಡುಬೀಸನಹಳ್ಳಿಗೆ ಸಾಗಿಸಿದರು. ವಾರಕ್ಕೆ ನಾಲ್ಕು ದಿನ ಹೋಗಲೇಬೇಕು.

ಈಗ ನನ್ನ ದಾರಿ ಹೀಗೆ: ನಾಯಂಡಹಳ್ಳಿ, ಕತ್ರಿಗುಪ್ಪೆ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು, ಬೆಳ್ಳಂದೂರು. ಹತ್ತಿರ ಹತ್ತಿರ 24 ಕಿ.ಮೀ. ಬೆಳಗ್ಗೆ 7:15ಕ್ಕೆ ಗೇಟು ದಾಟಿದರೆ ಒಂದೂಕಾಲು ಗಂಟೆ. ಮಗಳ ಡಬ್ಬಿ ಕಟ್ಟೋದು ತಡವಾಗಿ 7:40 ಆಯ್ತು ಅಂದರೆ ಎರಡು ಗಂಟೆ. 2024ರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಡಬಲ್ ಡೆಕ್ಕರ್ ಫ್ಲೈಓವರ್ ಬಿಟ್ಟ ಮೇಲೆ ಬಿಟಿಎಂ ಹತ್ತಿರ ಉಸಿರಾಡೋ ಹಾಗಾಗಿದೆ, ನಿಜ. ಆದರೆ ಅಲ್ಲಿ ಉಳಿಸಿದ ಹತ್ತು ನಿಮಿಷವನ್ನ ಇಬ್ಬಲೂರಿನಲ್ಲಿ ನಿಂತು ಕಳೀತೀನಿ. ಸಾಯಂಕಾಲಕ್ಕೆ ಲೆಕ್ಕವೇ ಇಲ್ಲ.

ಪೆಟ್ರೋಲಿಗೆ ತಿಂಗಳಿಗೆ 8 ಸಾವಿರದ ಹತ್ತಿರ ಹೋಗ್ತಿದೆ. ದುಡ್ಡಿಗಿಂತ ಹೆಚ್ಚಾಗಿ ಎಡಗಾಲು. ನಮ್ಮದು ಗೇರಿನ ಗಾಡಿ. ಹೋದ ವಾರ ಚಪ್ಪಲಿ ತೊಳೆಯುವಾಗ ನೋಡಿದೆ: ಬಲಗಾಲಿಂದು ಹೊಸದರ ಹಾಗೆ ಇದೆ, ಎಡಗಾಲಿಂದು ಮಾತ್ರ ಬೆರಳಿನ ಬುಡದ ಹತ್ತಿರ ನುಣ್ಣಗೆ ಸವೆದು ಒಳಗಿನ ಬಿಳಿ ಕಾಣ್ತಿದೆ. ರಾತ್ರಿ ಮಲಗಿದಾಗ ಆ ಮೊಣಕಾಲು ಮಡಿಸೋಕೆ ಆಗಲ್ಲ.

ಈ ಪ್ರಶ್ನೆ ಕೇಳೋಕೆ ಕಾರಣ ಮೊನ್ನೆ ಗುರುವಾರದ ಮಳೆ. 6 ಗಂಟೆಗೆ ಹೊರಟು ಮನೆ ಮುಟ್ಟಿದಾಗ 9 ದಾಟಿತ್ತು. ಮಗಳಿಗೆ 14 ವರ್ಷ, ಒಬ್ಬಳೇ ಇದ್ದಳು. ಮೂರು ಸಲ ಫೋನ್ ಮಾಡಿದಳು. ಮೊದಲ ಎರಡು ಸಲ "ಎಲ್ಲಿದ್ದೀಯಮ್ಮಾ" ಅಂದಳು. ಮೂರನೇ ಸಲ ಅದನ್ನೂ ಕೇಳಲಿಲ್ಲ, "ನಾನು ಊಟ ಮಾಡಿಬಿಡ್ಲಾ?" ಅಂದಳು. ನಾನು ಆಗ ಅಗರ ಕೆರೆ ಹತ್ತಿರ ಮೊದಲನೇ ಗೇರಿನಲ್ಲಿ ಕೂತಿದ್ದೆ.

ನೇರಳೆ ಮಾರ್ಗದಲ್ಲಿ ಕೆ.ಆರ್. ಪುರದವರೆಗೆ ಹೋಗಿ, ಅಲ್ಲಿಂದ ರಿಂಗ್ ರೋಡಿನ ಬಸ್ಸು ಹಿಡಿಯೋದು ಒಂದು ದಾರಿ. ಮೆಜೆಸ್ಟಿಕ್‌ನಲ್ಲಿ ಹಸಿರು, ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿದು ಬಸ್ಸು ಹಿಡಿಯೋದು ಇನ್ನೊಂದು. ದಿನಾ ಓಡಾಡೋರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮ್ಯಾಪ್ ತೋರಿಸೋ ಸಮಯ ನನಗೆ ಬೇಡ, ಅದನ್ನ ನಾನೂ ನೋಡಿದ್ದೀನಿ. ಸಾಯಂಕಾಲ ಬಸ್ಸು ಹತ್ತೋಕೆ ಆಗುತ್ತಾ? ಕಾರು ಮಾರಿಬಿಡೋದಾ, ಇಟ್ಕೊಳ್ಳೋದಾ?

---

ರಿಂಗ್‌ರೋಡ್_ಕಂಡಕ್ಟರ್:

ಅಕ್ಕಾರ, ನಮಸ್ಕಾರ್ರಿ. ನಂದು ಬಾಗಲಕೋಟಿ ಕಡೆ. ಹನ್ನೊಂದು ವರ್ಷ ಆತು ಬೆಂಗಳೂರಿಗೆ ಬಂದು, ಅದರಾಗ ಏಳು ವರ್ಷ ಇದ ರಿಂಗ್ ರೋಡಿನ್ಯಾಗ ಕಂಡಕ್ಟರ್ ಆಗಿ ದುಡದೀನಿ. ನೀವು ಕೇಳಿದ್ದು ನನ್ನ ದಿನಾ ಕೆಲಸದ ಮಾತು, ಅದಕ್ಕ ಉದ್ದ ಬರೀತೀನಿ.

ಕೆ.ಆರ್. ಪುರಂ ಕಡೆಯಿಂದ ಬರ್ರಿ. ರೈಲು ಒಮ್ಮೆ ಹತ್ತಿದ್ರ ಒಮ್ಮೆ ಇಳಿಯೂದು, ನಡುವ ಬದಲಿ ಇಲ್ಲ. ಇಳಿದ ಮ್ಯಾಲೆ ಸಿಲ್ಕ್ ಬೋರ್ಡ್ ಕಡೆ ಹೋಗೂ 500-ಡಿ ಹತ್ರಿ. ಮಹದೇವಪುರ, ಮಾರತ್ತಹಳ್ಳಿ ದಾಟಿದ್ರ ನಿಮ್ಮ ಸ್ಟಾಪ್ ಬಂದ ಬಿಡ್ತತಿ.

ಈಗ ಒಂದು ಮುಖ್ಯ ಮಾತು ಹೇಳ್ತೀನಿ, ಇದು ಗೊತ್ತಿಲ್ಲದ ಮಂದಿ ಎರಡು ದಿನ ಬಂದು ಮೂರನೇ ದಿನ ಮತ್ತ ಕಾರಿಗೆ ಹೋಗ್ತಾರ. ಹದಿನೈದು ನಿಮಿಷ ಬಸ್ಸಿಲ್ಲ, ಆಮ್ಯಾಲೆ ಒಂದು ಬಸ್ಸು ಬಾಗಿಲಿಗೆ ಜೋತುಬಿದ್ದ ಮಂದಿ ಹೊತ್ಕೊಂಡು ಬಂತು ಅಂದ್ರ, ಅದನ್ನ ಹತ್ತಬ್ಯಾಡ್ರಿ. ಯಾಕ ಅಂದ್ರ, ಮುಂದ ಹೋಗೂ ಬಸ್ಸು ಸ್ವಲ್ಪ ತಡ ಆದ್ರ ಪ್ರತಿ ಸ್ಟಾಪಿನ್ಯಾಗ ಅದಕ್ಕ ಮಂದಿ ಹೆಚ್ಚು ಸಿಗ್ತಾರ. ಮಂದಿ ಹೆಚ್ಚಾದ್ರ ಹತ್ತಾಕ ಇಳಿಯಾಕ ಹೊತ್ತು ಹಿಡೀತತಿ, ಅದು ಇನ್ನಷ್ಟು ತಡ ಆಗ್ತತಿ. ಹಿಂದಿನ ಬಸ್ಸಿಗೆ ಮಂದಿನ ಸಿಗೂದಿಲ್ಲ, ಅದು ಹಗುರಾಗಿ ಓಡಿ ಬಂದು ಮುಂದಿನದರ ಬೆನ್ನಿಗೆ ಕೂಡ್ತತಿ. ಎರಡೂ ಜೋಡಿ ಆಗಿ ಬರ್ತಾವ: ಒಂದು ತುಂಬಿದ್ದು, ಒಂದು ಖಾಲಿ. ಎಷ್ಟೋ ಸಲ ನಾ ಹಿಂದಿನ ಬಸ್ಸಿನ್ಯಾಗ ಇದ್ದು ನೋಡೀನಿ. ನನ್ನ ಸೀಟೆಲ್ಲಾ ಖಾಲಿ, ಮುಂದಿನ ಬಸ್ಸಿನ ಫುಟ್‌ಬೋರ್ಡ್ ಮ್ಯಾಲೆ ಹೆಣ್ಣುಮಕ್ಕಳು ಬ್ಯಾಗ್ ಎದಿಗೆ ಅಪ್ಪಿಕೊಂಡು ನಿಂತಿರ್ತಾರ. ಕೂಗಿ ಹೇಳಿದ್ರೂ ನಂಬೂದಿಲ್ಲ. ಎರಡು ನಿಮಿಷ ತಡೀರಿ, ಹಿಂದ ನೋಡ್ರಿ. ನಮ್ಮ ಬಿಎಂಟಿಸಿ ಆ್ಯಪಿನ್ಯಾಗೂ ಬಸ್ಸು ಎಲ್ಲಿ ಐತಿ ಅಂತ ನೋಡಬಹುದು.

ಶಕ್ತಿ ಯೋಜನೆ 2023ರ ಜೂನ್ 11ಕ್ಕ ಶುರು ಆತಲ್ರಿ, ಹಂಗಾಗಿ ಸಾದಾ ಬಸ್ಸಿನ್ಯಾಗ ನಿಮಗ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸ ಇರೂ ಗುರುತಿನ ಚೀಟಿ ತೋರಿಸ್ರಿ. ಆದ್ರ ಟಿಕೆಟ್ ಕೇಳಿ ತಗೋರಿ, ಬಿಟ್ಟಿ ಅಂತ ಹಂಗ ಕೂಡಬ್ಯಾಡ್ರಿ. ನೀವು ಹತ್ತಿದ್ದು ನಮ್ಮ ಮಷೀನಿನ್ಯಾಗ ದಾಖಲ ಆದ್ರ ಆ ರೂಟಿಗೆ ಇಷ್ಟು ಮಂದಿ ಅದಾರ ಅಂತ ಡಿಪೋಕ್ಕ ಗೊತ್ತಾಗ್ತತಿ. ಎಸಿ ವಜ್ರದಾಗ ಮಾತ್ರ ರೊಕ್ಕ ಕೊಡಬೇಕು.

ಸಂಜಿ ಮಾತು ಹೇಳ್ತೀನಿ. 5:30ರ ಒಳಗ ಹತ್ತಿದ್ರ ಸೀಟು ಸಿಕ್ಕರೂ ಸಿಗ್ತತಿ. 6ರಿಂದ 7:30 ಮಾರತ್ತಹಳ್ಳಿ ಸೇತುವೆ ಹತ್ತಿರ ನಾವೂ ನಿಲ್ತೀವಿ, ಕಾರೂ ನಿಲ್ತಾವ, ಬಸ್ಸಿಗೇನು ಬ್ಯಾರೆ ದಾರಿ ಇಲ್ಲ. ಒಂದು ಕಾಲಕ್ಕ ಇತ್ರಿ. 2019ರಾಗ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಂ ತನಕ ಎಡಕ್ಕ ಕಂಬ ನೆಟ್ಟು ಬಸ್ಸಿಗೆ ಅಂತ ಒಂದು ಸಾಲು ಬಿಟ್ಟಿದ್ರು. ಆಗ ನಮ್ಮ ಟ್ರಿಪ್ ಹೊತ್ತಿಗೆ ಸರಿಯಾಗಿ ಮುಗೀತಿತ್ತು. ಡ್ರೈವರ್ ಅಣ್ಣ ಕೊನೀ ಸ್ಟಾಪಿನ್ಯಾಗ ಇಳಿದು ಸಮಾಧಾನಲೆ ಚಾ ಕುಡೀತಿದ್ದ. ಅದು ಉಳೀಲಿಲ್ಲ. ಅದ ರಸ್ತಾದಾಗ ಈಗ ಮೆಟ್ರೋ ಕಂಬ ಎದ್ದಾವ. ರೈಲು ಓಡಿದ ಮ್ಯಾಲೂ ಆ ಸಾಲು ತಿರುಗಿ ಬಸ್ಸಿಗೆ ಸಿಗಬೇಕು ಅಂತ ನನ್ನ ಆಸೆ. ನಲವತ್ತು ಮಂದಿ ಕೂತ ಗಾಡಿ ಒಬ್ಬರು ಕೂತ ಗಾಡಿಗೆ ಕಾಯೂದು ನೋಡಾಕ ಸಂಕಟ ಆಗ್ತತಿ.

---

ವಿದ್ಯಾರಣ್ಯಪುರ_ಮಗ:

ಕಾರು ಮಾರಬೇಡಿ ಮೇಡಂ. ನನ್ನ ಅನುಭವ ಹೇಳ್ತೀನಿ.

ನಮ್ಮ ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋಗುವಾಗ ಹೇಗೋ ನಡೀತಾರೆ, ನಾಲ್ಕು ಗಂಟೆ ಆದ ಮೇಲೆ ಹೊರಗೆ ಬಂದಾಗ ಕಾಲಲ್ಲಿ ಬಲವೇ ಇರಲ್ಲ. ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಶಾಲು ಯಾವಾಗಲೂ ಇಟ್ಟಿರ್ತೀನಿ. ಅವರನ್ನ ಬಸ್ ಸ್ಟಾಪಿಗೆ ನಡೆಸಿಕೊಂಡು ಹೋಗಿ ಅಂತ ಯಾರೂ ಹೇಳಲಾರರು. ಆಟೊ ಪ್ರತಿ ಸಲ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಮನೆಯಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದರೆ ರಾತ್ರಿ ಹೊತ್ತಿಗೆ ಒಂದು ಗಾಡಿ ಬೇಕು.

ಮೆಟ್ರೋ ಅಗ್ಗ ಅನ್ನೋ ಮಾತನ್ನೂ ಸ್ವಲ್ಪ ನೋಡಿ ಒಪ್ಪಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಒಬ್ಬರಿಗೆ ಈಗಲೂ ಪೆಟ್ರೋಲಿಗಿಂತ ಕಡಿಮೆಯೇ. ನಾಲ್ಕು ಜನ ಸೇರಿ ಭಾನುವಾರ ನೆಂಟರ ಮನೆಗೆ ಹೊರಟರೆ ಕಾರೇ ಅಗ್ಗ ಬೀಳುತ್ತೆ.

ಆದರೆ ನಿಮ್ಮ ಆಫೀಸಿನ ದಾರಿಗೆ ಕಂಡಕ್ಟರ್ ಅಣ್ಣ ಹೇಳಿದ್ದನ್ನೇ ಮಾಡಿ. ಬಿಟ್ಟಿರಲು ಆಗುವವರೆಲ್ಲ ಗಾಡಿ ಮನೆಯಲ್ಲಿ ಬಿಟ್ಟರೆ ಉಪಕಾರ ಆಗೋದು ನನ್ನಂಥವನಿಗೆ. ಹೆಬ್ಬಾಳದಲ್ಲಿ ಅಮ್ಮ ಹಿಂದೆ ಕಣ್ಣು ಮುಚ್ಚಿ ಒರಗಿರ್ತಾರೆ, "ಇನ್ನೆಷ್ಟು ದೂರ" ಅಂತಾರೆ. ಸುತ್ತ ನೋಡಿದರೆ ಹತ್ತು ಕಾರಿನಲ್ಲಿ ಎಂಟರಲ್ಲಿ ಒಬ್ಬೊಬ್ಬರೇ ಕೂತಿರ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮನೆ ಮುಟ್ಟಬೇಕು. ಆದರೂ ಅದರಲ್ಲಿ ಎರಡು ಕಾರು ಕಡಿಮೆಯಾದರೆ ಒಂದು ಸಿಗ್ನಲ್ ಮೊದಲೇ ದಾಟ್ತೀನಿ.

---

ಹೊಂಗಸಂದ್ರದಿಂದ:

ಸಿಲ್ಕ್ ಬೋರ್ಡ್ ದಾರಿ ಬಗ್ಗೆ ಎರಡು ಮಾತು, ನಾನು ದಿನಾ ಹಳದಿ ಮಾರ್ಗದಲ್ಲೇ ಓಡಾಡೋನು. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲು ಬರ್ತಾ ಬರ್ತಾ ಅಂತರ ಕಡಿಮೆಯಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗೋರಿಗೆ ಇದರಿಂದ ಬದುಕೇ ಬದಲಾಗಿದೆ.

ನಿಮಗೆ ಮಾತ್ರ ಬೇಡ. ಆರ್.ಆರ್. ನಗರದಿಂದ ಬಂದು ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್.ವಿ. ರೋಡಿನಲ್ಲಿ ಒಂದು ಸಲ ಮೆಟ್ಟಿಲು ಹತ್ತಿ ಇಳಿದು ಮಾಡಬೇಕು. ಆ ಮೊಣಕಾಲಿಗೆ ಅದು ಆಗಲ್ಲ. ಸಿಲ್ಕ್ ಬೋರ್ಡಿನಿಂದ ಬೆಳಗ್ಗೆ ಹೊರಡೋ ಬಸ್ಸು ಇಬ್ಬಲೂರಿನಲ್ಲಿ ನಿಲ್ಲೋದು ನಿಮಗೆ ಗೊತ್ತೇ ಇದೆ. ಸಿಲ್ಕ್ ಬೋರ್ಡ್ – ಕೆ.ಆರ್. ಪುರ ನೀಲಿ ಮಾರ್ಗ ಶುರುವಾದ ದಿನ ಬೇರೆ ಲೆಕ್ಕ.

---

ಆರ್ಚ್_ಒಳಗಿನ_ಮನೆ:

ಮೂರು ವಾರ ಆಯ್ತು. ಹನ್ನೆರಡು ದಿನದಲ್ಲಿ ಹತ್ತು ದಿನ ಮೆಟ್ರೋ–ಬಸ್ಸು, ಎರಡು ದಿನ ಕಾರು. ಬರೆದು ತಿಳಿಸಬೇಕು ಅನ್ನಿಸಿತು.

ಬೆಳಗ್ಗೆ ಆಟೊದಲ್ಲಿ ಸ್ಟೇಷನ್ನಿಗೆ, ಕನಿಷ್ಠ ದರ 36 ರೂಪಾಯಿ. ರೈಲಿನ ಮೊದಲ ಬೋಗಿ ಹೆಂಗಸರದ್ದು. ಆರ್.ಆರ್. ನಗರದಲ್ಲಿ ಸೀಟು ಸಿಗೋದು ಅದೃಷ್ಟ, ಮೆಜೆಸ್ಟಿಕ್‌ನಲ್ಲಿ ಹೆಚ್ಚುಕಮ್ಮಿ ಖಾತ್ರಿ. ಕೆ.ಆರ್. ಪುರಕ್ಕೆ 50 ನಿಮಿಷದ ಆಸುಪಾಸು. ಅಲ್ಲಿ ಮೊದಲ ದಿನವೇ ಕಂಡಕ್ಟರ್ ಅಣ್ಣ ಹೇಳಿದ ಜೋಡಿ ಬಸ್ಸು ಕಣ್ಣಾರೆ ಕಂಡೆ! ತುಂಬಿದ್ದನ್ನ ಬಿಟ್ಟೆ, ಹಿಂದಿನದರಲ್ಲಿ ಕಿಟಕಿ ಪಕ್ಕ ಕೂತೆ. ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ ಒಟ್ಟು 1 ಗಂಟೆ 35 ನಿಮಿಷ. ಕಾರಿನ ಒಳ್ಳೆಯ ದಿನಕ್ಕಿಂತ 20 ನಿಮಿಷ ಹೆಚ್ಚು. ಆದರೆ ಹತ್ತು ದಿನದಲ್ಲಿ ತೀರಾ ತಡವಾದ ದಿನಕ್ಕೂ ತೀರಾ ಬೇಗ ಆದ ದಿನಕ್ಕೂ ಕಾಲು ಗಂಟೆ ವ್ಯತ್ಯಾಸ, ಅಷ್ಟೇ. ಕಾರಿನಲ್ಲಿ ಅದು ಮುಕ್ಕಾಲು ಗಂಟೆ, ಒಂದೊಂದು ದಿನ ಇನ್ನೂ ಹೆಚ್ಚು. ಖರ್ಚು ತಿಂಗಳಿಗೆ ಮೂರೂವರೆ ಸಾವಿರದಲ್ಲಿ ಮುಗಿಯೋ ಹಾಗಿದೆ.

ಕಷ್ಟ ಇರೋದು ಬಸ್ಸು ಇಳಿದ ಮೇಲಿನ 600 ಮೀಟರ್. ಸರ್ವಿಸ್ ರೋಡಿನ ಫುಟ್‌ಪಾತ್ ಮೂರು ಕಡೆ ಅಗೆದಿದ್ದಾರೆ. ಒಂದು ಕಡೆ ಚರಂಡಿ ಮೇಲಿನ ಚಪ್ಪಡಿಯೇ ಇಲ್ಲ, ಯಾರೋ ಪುಣ್ಯಾತ್ಮರು ಅದಕ್ಕೆ ಒಂದು ಹೊಂಗೆ ಕೊಂಬೆ ಸಿಕ್ಕಿಸಿ ಕೆಂಪು ಬಟ್ಟೆ ಕಟ್ಟಿದ್ದಾರೆ. ಎದುರಿನಿಂದ ಬೈಕು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಎರಡನೇ ದಿನ ಮುಗ್ಗರಿಸಿ ಅಂಗೈ ತರಚಿತು. ಇಷ್ಟು ದೊಡ್ಡ ದೊಡ್ಡ ಆಫೀಸುಗಳಿರೋ ರಸ್ತೆ, ಸಾವಿರಾರು ಜನ ನಡೀತಾರೆ, ಒಂದು ಚಪ್ಪಡಿಗೆ ಗತಿಯಿಲ್ಲ ಅಂದರೆ ನನಗೆ ನಿಜಕ್ಕೂ ಕೋಪ ಬರುತ್ತೆ. ನಮ್ಮ ಮಹಡಿಯ ಇಬ್ಬರು ಕಾರು ಬಿಡೋಕೆ ತಯಾರಿದ್ದಾರೆ. ಒಬ್ಬಳಿಗೆ ಈಗ ಐದು ತಿಂಗಳು. ಈ 600 ಮೀಟರ್ ನೋಡಿ ಹಿಂದೆ ಸರಿದಳು, ನಾನೂ ಬಾ ಅನ್ನಲಿಲ್ಲ. ಫೋಟೋ ಸಮೇತ ದೂರು ಕೊಟ್ಟಿದ್ದೀನಿ.

ಸಾಯಂಕಾಲ 5:20ಕ್ಕೆ ಹೊರಡ್ತೀನಿ, ಉಳಿದ ಕೆಲಸ ರಾತ್ರಿ ಮನೆಯಲ್ಲಿ. ಸಂಗೀತದ ಕ್ಲಾಸ್ ಇರೋ ಬುಧವಾರ ಮಾತ್ರ ಕಾರು. ವಿದ್ಯಾರಣ್ಯಪುರದ ಸರ್, ನಿಮ್ಮ ಮಾತು ಮನಸ್ಸಿಗೆ ತಾಕಿತು. ಕಾರು ಮಾರಲ್ಲ. ನಿಮ್ಮ ತಾಯಿಯವರು ಬೇಗ ಚೇತರಿಸಿಕೊಳ್ಳಲಿ.

ಮಗಳಿಗೆ ಈಗ ಮೆಜೆಸ್ಟಿಕ್ ದಾಟಿದ ತಕ್ಷಣ ಒಂದು ಮೆಸೇಜ್ ಹಾಕ್ತೀನಿ. ಅವಳು ಅಕ್ಕಿ ತೊಳೆದು ಕುಕ್ಕರ್ ಇಡ್ತಾಳೆ. ನಾನು ಮೆಟ್ಟಿಲು ಹತ್ತುವಾಗ ಮೂರನೇ ವಿಷಲ್ ಕೇಳುತ್ತೆ.

ಕಂಡಕ್ಟರ್ ಅಣ್ಣಾ, ಒಂದು ಕೇಳೋದಿತ್ತು. ಶುಕ್ರವಾರ ಸಾಯಂಕಾಲ ಮಾತ್ರ ನಮ್ಮ ಸ್ಟಾಪಿನಲ್ಲಿ ಯಾವ ಬಸ್ಸೂ ಬಾಗಿಲ ಹತ್ತಿರ ಕಾಲಿಡೋಕೆ ಬಿಡಲ್ಲ. ಎರಡು ಶುಕ್ರವಾರವೂ ಹೀಗೇ ಆಯ್ತು. ಏನು ಮಾಡಲಿ?

---

ರಿಂಗ್‌ರೋಡ್_ಕಂಡಕ್ಟರ್:

ಓದಿ ಭಾಳ ಖುಷಿ ಆತು ಅಕ್ಕಾರ. ಶುಕ್ರವಾರ ಊರಿಗೆ ಹೋಗೂ ಮಂದಿ ಬ್ಯಾಗ್ ತಗೊಂಡು ಹತ್ತಿರ್ತಾರ, ಅದಕ್ಕ ಹಂಗ. ಅವತ್ತು ನಿಮ್ಮ ಸ್ಟಾಪಿನ್ಯಾಗ ನಿಲ್ಲಬ್ಯಾಡ್ರಿ. ಒಂದು ಸ್ಟಾಪ್ ಹಿಂದಕ್ಕ, ದೇವರಬೀಸನಹಳ್ಳಿ ಕಡೆ ನಡಕೊಂಡು ಹೋಗಿ ಹತ್ರಿ. ಅಲ್ಲಿ ಮಂದಿ ಇಳೀತಾರ, ಜಾಗ ಆಗ್ತತಿ. ಮುಂದಿನ ಬಾಗಿಲಕ್ಕ ಬರ್ರಿ. ಆ ಚಪ್ಪಡಿ ಹತ್ತಿರ ಮಾತ್ರ ಹುಷಾರು, ಮೊಬೈಲ್ ಬೆಳಕು ಹಚ್ಕೊಂಡು ನಡೀರಿ.